ಬಣ್ಣ ತೀರಿದ ತಲೆ

ಆಗ ನನಗೆ ಅರವತ್ತರ ಮೇಲೊಂದು. ಅದಾಗಿ ಹತ್ತಿರ ಹತ್ತಿರ ಮೂವತ್ತು ವರ್ಷವಾಯಿತು. ತಲೆ ಮಾತ್ರ ಅದಕ್ಕೂ ಎಷ್ಟೋ ಮೊದಲೇ ಬೆಳ್ಳಗಾಗಿತ್ತು. ನಮ್ಮ ತವರಿನ ಹೆಂಗಸರೆಲ್ಲ ಹಾಗೇ, ಎರಡು ಮಕ್ಕಳಾಗುವುದರೊಳಗೆ ನರೆಯುತ್ತೇವೆ. ಕೂದಲು ನರೆಯಿತೆಂದು ನನ್ನ ಯಾವ ಕೆಲಸವೂ ನಿಂತದ್ದಿಲ್ಲ. ಆದರೆ ಜನರಿಗೆ ಯಾವಾಗಲೂ ಬೇರೆಯವರ ತಲೆಯ ಮೇಲೇ ಕಣ್ಣು.

ಮೊಮ್ಮಗಳು ಗಿರಿಜೆಯನ್ನು ನೋಡಲು ಸೊರಬದಿಂದ ಗಂಡಿನವರು ಬರುವವರಿದ್ದರು. ಅವಳು ಶಿಕಾರಿಪುರದ ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದಳು. ಫೋಟೋ ನೋಡಿಯೇ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಆದರೆ ಇಪ್ಪತ್ತಕ್ಕೇ ಅವಳ ಕಿವಿಯ ಹಿಂದೆ ಬಿಳಿ ಎಳೆ. ಸೊಸೆ ಬೆಳಿಗ್ಗೆಯೇ ತೆಂಗಿನ ಚಿಪ್ಪಿನಲ್ಲಿ ಕರಿ ಬಣ್ಣದ ಪುಡಿ ಕಲಸಿ ಕೂತಳು.

"ಇಬ್ರೂ ಹಚ್ಕೊಳ್ರಿ ಅತ್ತೆ. ನಿಮ್ಮ ತಲೆ ನೋಡಿದ್ರೆ ವಂಶದ ದೋಷ ಅಂತಾರೆ."

"ನನ್ನನ್ನೂ ನೋಡಾಕೆ ಬರ್ತಾರೇನೇ?" ಎಂದೆ.

"ದೋಷ ಅಲ್ಲಜ್ಜಿ," ಅಂದಳು ಗಿರಿಜೆ. "ಕೂದ್ಲ ಬುಡದಾಗೆ ಸಣ್ಣ ಗುಣಿ ಐತಿ. ಅದ್ರಾಗೆ ಬಣ್ಣ ಮಾಡೋ ಜೀವಕೋಶ ಇರ್ತಾವೆ. ಹಳೇ ಕೂದ್ಲು ಉದುರಿ ಹೊಸದು ಬರೋವಾಗ ಅವೂ ಹೊಸದಾಗಿ ಬರ್ಬೇಕು. ತೀರಿದ್ರೆ ಕೂದ್ಲು ಬೆಳ್ಳಗೇ ಹುಟ್ತೈತಿ. ಒಂದು ಗುಣಿಯಾಗೆ ಬೇಗ ತೀರ್ತಾವೆ, ಇನ್ನೊಂದ್ರಾಗೆ ತಡ. ಹೊರಗೆ ಕಾಣೋ ಕೂದ್ಲಿಗೆ ಜೀವಾನೇ ಇಲ್ಲ."

ಕಣಜದ ಬಿತ್ತನೆ ಬೀಜ ಮುಗಿದ ಹಾಗೆ, ಅಷ್ಟೇ. ಜೀವವಿಲ್ಲದ್ದಕ್ಕೆ ಬಣ್ಣ ಬಳಿಯುವುದೆಂದರೆ ಹೆಣಕ್ಕೆ ಪೌಡರ್ ಹಚ್ಚಿದಂತೆ. ನಾನು ಚಿಪ್ಪನ್ನು ಆಚೆ ನೂಕಿದೆ. ಗಿರಿಜೆಗೆ ಒಳಗೇ ಅಳುಕಿತ್ತು. ಆದರೂ, "ಮದ್ವೆ ಆದ್ಮೇಲೆ ತೊಳೆದು ಹೋದ್ರೆ ಏನು ಹೇಳ್ಲಿ?" ಎಂದು ತಾನೂ ನೂಕಿದಳು.

ಆಗೆಲ್ಲ ಹೆಣ್ಣು ನೋಡಲು ಬಂದವರು, ಚೌರಿ ಸೇರಿಸಿ ಉದ್ದ ಮಾಡಿದ್ದಾರೇನೋ ಎಂದು ಜಡೆ ಬಿಚ್ಚಿಸಿ ನೋಡುತ್ತಿದ್ದರು. ಹುಡುಗನ ಸೋದರತ್ತೆಯೂ ಬಿಚ್ಚಿದಳು. ಚೌರಿ ಸಿಗಲಿಲ್ಲ, ಬಿಳಿ ಎಳೆ ಸಿಕ್ಕಿತು.

"ಇದೇನ್ರೀ, ಹುಡುಗಿ ಈಗ್ಲೇ ಮುದುಕಿ ಆಗಿದಾಳಲ್ಲ?"

ಗಿರಿಜೆ ತಲೆ ತಗ್ಗಿಸಿದಳು. ನನಗೆ ತಡೆಯಲಿಲ್ಲ. ಸೆರಗು ಸರಿಸಿ ನನ್ನ ತಲೆ ಮುಂದೊಡ್ಡಿದೆ.

"ನೋಡ್ರೀ, ಇಲ್ಲಿಂದ ಬಂದಿದ್ದು. ಇದೇ ತಲೆ ಹೊತ್ಕೊಂಡು ಮೊನ್ನೆ ಗದ್ದೆ ನಾಟಿ ಮಾಡಿ ಬಂದೀನಿ. ನಮ್ದು ಬಣ್ಣ ಅಷ್ಟೇ ತೀರೈತಿ. ನಿಮ್ಮ ಅಣ್ಣೋರ್ದು ಬೇರು ಸಮೇತ ಹೋಗೈತಲ್ಲ, ನಾವೇನಾದ್ರೂ ಕೇಳಿದ್ವಾ?"

ಸೊಸೆ ಗೋಡೆಗೆ ಆತುಕೊಂಡಳು. ಹುಡುಗನ ಅಪ್ಪ ತಮ್ಮ ಬೋಳು ತಲೆ ಸವರಿಕೊಂಡು, ಪಕ್ಕದಲ್ಲಿದ್ದ ಮಗನ ತಲೆಯನ್ನೊಮ್ಮೆ ನೋಡಿ ನಕ್ಕುಬಿಟ್ಟರು.

"ಕಾಫಿ ತರ್ಸಿ. ಇವನ ತಲೇಲಿ ಕೂದ್ಲಿರೋವಾಗ್ಲೇ ಮಾತು ಮುಗಿಸೋಣ."

ಮರುದಿನ ಬೆಳಿಗ್ಗೆ, ವರ್ಷಗಳಿಂದ ಮುಟ್ಟದ ಕನ್ನಡಿ ಎತ್ತಿಕೊಂಡು ಕೂತೆ. ಅಷ್ಟು ಬಿಳಿಯ ನಡುವೆ ಒಂದೇ ಒಂದು ಕರಿ ಕೂದಲು ಕಂಡಿತು. ಅದನ್ನು ಹುಷಾರಾಗಿ ಬಿಡಿಸಿ, ಎಣ್ಣೆ ಹಚ್ಚಿ, ಎಲ್ಲರಿಗೂ ಕಾಣುವಂತೆ ಹಣೆಯ ಮೇಲೆ ಬಾಚಿಕೊಂಡೆ.