ಆರು ಕಾಲಿನ ಉಣ್ಣಿ

ನಿಜಾಮರ ಕಾಲದಲ್ಲಿ ಪಶುವೈದ್ಯನಾಗಿದ್ದ ನನಗೆ ನಗಲು ಬೇರೆ ನಾಟಕ ಬೇಕಿರಲಿಲ್ಲ. ಒಂದು ಹುಕುಂ ಬಂದರೆ ಸಾಕು. 'ಉಣ್ಣಿ ಇರುವ ಜಾನುವಾರು ತಾಂಡೂರಿನ ತಪಾಸಣಾ ನಾಕಾ ದಾಟಕೂಡದು, ಅಮಾವಾಸ್ಯೆವರೆಗೆ ದೊಡ್ಡಿಯಲ್ಲಿರಬೇಕು' ಎಂಬ ಹುಕುಂ ಬಂದಾಗ ಮಾತ್ರ ನಗು ತಡವಾಗಿ ಬಂತು.

ಪೆದ್ದೆಮುಲ್ ಕಡೆಯ ರೈತನೊಬ್ಬನ ಎತ್ತು ನಾಕಾದಲ್ಲಿ ಸಿಕ್ಕಿಬಿದ್ದು ದೊಡ್ಡಿ ಸೇರಿತ್ತು. ಮಳೆಯಾಗಿ ಹೊಲ ಹದಕ್ಕೆ ಬಂದಿತ್ತು. ಇದರ ಜೋಡಿ ಎತ್ತು ಊರಲ್ಲಿ ಒಂಟಿಯಾಗಿ ನಿಂತಿತ್ತು.

“ಹದ ಆರಿದ್ರ ಈ ವರ್ಷ ತೊಗರಿ ಇಲ್ರಿ,” ಎಂದ.

ಎತ್ತಿನ ಮೈಮೇಲಿದ್ದದ್ದು ಉಣ್ಣಿಯಲ್ಲ, ರಕ್ತ ಹೀರುವ ಚಪ್ಪಟೆ ನೊಣ. ಹಾಗೆಂದು ಹೇಳಿದೆ. ನಾಕಾದ ಮುನ್ಶಿ ನನ್ನ ಡಿಗ್ರಿಯನ್ನು ನಂಬಲಿಲ್ಲ. “ಮ್ಯಾಲಿನವರ ಮಾತು ತರ್ರಿ.” ರೈತ ನೊಣ ಕೀಳಲು ಹೋದರೆ ಗದರಿದ: “ಏಯ್! ಅದು ಸರ್ಕಾರದ ಪುರಾವೆ!”

ಮುನ್ಶಿಯನ್ನೇ ಕೇಳಿ ಎರಡು ನೊಣ ಬೆಂಕಿಪೊಟ್ಟಣಕ್ಕೆ ಹಾಕಿಕೊಂಡು ಹೊರಟೆ.

ಜಹೀರಾಬಾದ್

“ಇದಕ್ಕೆ ಕಾಲು ಆರು. ಉಣ್ಣಿಗೆ ಎಂಟು,” ಎಂದೆ ಅಲ್ಲಿಯ ಅಧಿಕಾರಿಗೆ.

“ಕಾಲು ಬಿಡ್ರಿ. ನೊಣ ಅಂದ್ರ ಹಾರಬೇಕು. ಹಾರಸ್ರಿ.”

ಕಡ್ಡಿಯಿಂದ ತಿವಿದೆ. ಅದು ಏಡಿಯಂತೆ ಅಡ್ಡಡ್ಡ ನಡೆದು ಅವರ ಅಂಗಿಯ ತೋಳಿನೊಳಗೆ ಹೋಯಿತು. ಅಂಗಿ ಕಿತ್ತೆಸೆಯುತ್ತಲೇ ತೀರ್ಪು ಕೊಟ್ಟರು: “ಹಾರಂಗಿಲ್ಲ, ನಡೀತದ! ಉಣ್ಣಿ!”

ನಾರಾಯಣಖೇಡ್

ಇಲ್ಲಿಯ ಹಿರಿಯ ಡಾಕ್ಟರ್ ಬಹಳ ಓದಿದವರು. ತೊಂದರೆ ಅದೇ.

“ಇದು ತತ್ತಿ ಇಡ್ತದೇನು?”

“ಇಲ್ರಿ, ಮರಿ ಹಾಕ್ತದ.”

“ಮರಿ ಹಾಕೂದು ನೊಣ ಹ್ಯಾಂಗ ಆದೀತು? ಮರಿ ಹಾಕೂದು ಆಡು.”

“ಹಂಗಾರ ಆಡು ಅಂತ ಬರೀರಿ. ಹುಕುಮಿನಾಗ ಆಡಿನ ಸುದ್ದಿ ಇಲ್ಲ, ಎತ್ತು ಬಿಡ್ತಾರ.”

ಅವರು ನಿಜವಾಗಿಯೂ ಯೋಚಿಸಿದರು. “ಆಡಿಗಿ ರೆಕ್ಕಿ ಇಲ್ಲ,” ಎಂದು ಪೊಟ್ಟಣ ವಾಪಸು ಕೊಟ್ಟರು.

ಮತ್ತೆ ತಾಂಡೂರು

ಎರಡು ದಿನ ಅಲೆದು ಬರಿಗೈಯಲ್ಲಿ ಬಂದೆ. ಬಿಸಿಲು ಏರಿತ್ತು. ರೈತ ದೊಡ್ಡಿಯ ಬಳಿ ಕೂತು ಮಣ್ಣು ಹಿಸುಕಿ ಹದ ನೋಡುತ್ತಿದ್ದ.

ಅಷ್ಟರಲ್ಲಿ ಹುಕುಂ ಹೊರಡಿಸಿದ ದೊಡ್ಡ ಸಾಹೇಬರೇ ಕುದುರೆಯೇರಿ ಬಂದರು. ಕುದುರೆಯ ಬಾಲದ ಕೆಳಗೆ ಅದೇ ಚಪ್ಪಟೆ ಜೀವಗಳು. ತೋರಿಸಿದೆ. ಮುನ್ಶಿಯ ಮುಖ ಬಿಳಿಚಿಕೊಂಡಿತು: ಹುಕುಮಿನಂತೆ ಆ ಕುದುರೆಯೂ ದೊಡ್ಡಿಗೆ ಹೋಗಬೇಕು.

ಸಾಹೇಬರು ಎಲ್ಲರನ್ನೂ ಒಮ್ಮೆ ದಿಟ್ಟಿಸಿದರು. “ಕುದ್ರಿ ಮ್ಯಾಲಿದ್ರ ನೊಣ. ಎತ್ತಿನ ಮ್ಯಾಲಿದ್ರ ಉಣ್ಣಿ. ಸಮಝೇ?”

ರೈತ ಎದ್ದ. ಎತ್ತಿನ ಮೈಯಿಂದ ಅವನ್ನು ಒಂದೊಂದೇ ಬಿಡಿಸಿ, ಜೋಪಾನವಾಗಿ ಸಾಹೇಬರ ಕುದುರೆಯ ಮೇಲೆ ಬಿಟ್ಟ. ಆಮೇಲೆ ಕೈಮುಗಿದ:

“ಎಲ್ಲಾ ನೊಣ ಆದವ್ರಿ ಸಾಹೇಬ್ರ. ನಾ ಬಿತ್ತಾಕ ಹೊಂಟೆ.”