ಎತ್ತು ನೋಡಿದಂತೆ ಮೋಟಾರು ನೋಡಿದ ದ್ಯಾಮಪ್ಪ

ಸಾಂಬ್ರಾಣಿಯ ದ್ಯಾಮಪ್ಪ ಆರಿಸಿದ ಎತ್ತು ಎಂದೂ ಸುಳ್ಳಾದದ್ದಿಲ್ಲ. ದನದ ಪೇಟೆಯಲ್ಲಿ ಎತ್ತಿನ ಬೆನ್ನಿನ ಮೇಲೆ ಅಂಗೈ ಇಟ್ಟನೆಂದರೆ ಅದರ ಅಜ್ಜನ ಜಾತಕವನ್ನೂ ಹೇಳಿಬಿಡುತ್ತಿದ್ದ. (ಹೆಂಡತಿ ಸಕ್ಕುಬಾಯಿಯ ಮನಸ್ಸು ಮಾತ್ರ ಇಂದಿಗೂ ತಿಳಿದಿರಲಿಲ್ಲ, ಆ ಮಾತು ಬೇರೆ.) ಈ ಹೆಮ್ಮೆಯೇ ಅವನನ್ನು ಕೆಡಿಸಿತು.

ಮಗಳು ಸ್ವಪ್ನಾಳನ್ನು ಜೋಯಿಡಾ ಕಡೆ, ಏರಿನ ಮೇಲಿನ ಹಳ್ಳಿಗೆ ಕೊಟ್ಟಿದ್ದ. ಮಾತುಕತೆಯ ದಿನ ಬೀಗ ಜ್ಯೋತಿಬಾನ ಕುಳ್ಳ ಎತ್ತುಗಳನ್ನು ನೋಡಿ, "ಬೀಗ್ರ, ಇವು ಎತ್ತೋ ಆಡೋ? ಹಾಲು ಹಿಂಡ್ತೀರೇನು?" ಎಂದು ಹತ್ತು ಮಂದಿಯ ಮುಂದೆ ನಕ್ಕಿದ್ದ. ಜ್ಯೋತಿಬಾ ಮೀಸೆಯ ಮೇಲೆ ಕೈಯಾಡಿಸಿದ್ದ.

ಈಗ ಸ್ವಪ್ನಾಳ ಕುಬಸ, ಸೀಮಂತದ ಆರತಿ. ಬಸುರಿ ಮಗಳಿಗೆ ತವರಿನ ಬುತ್ತಿ ಒಯ್ಯಬೇಕು. ಏರಿಗೆ ಬಸ್ಸಿಲ್ಲ, ಬೀಗರ ಗಾಡಿಯೇ ಗತಿ. ತಾನೇ ನಗೆಯಾಡಿದ ಎತ್ತುಗಳ ಹಿಂದೆ ಕೂರುವುದೆಂದರೆ ಮೂಗು ಕೊಯ್ದುಕೊಂಡ ಹಾಗೆ. ದ್ಯಾಮಪ್ಪ ಫೋನು ಮಾಡಿ, "ಗಾಡಿ ಕಳಸಬ್ಯಾಡ್ರಿ. ನಾವು ನಮ್ಮ ಸ್ವಂತ ವಾಹನದಾಗ ಏರಿ ಬರ್ತೇವಿ" ಎಂದು ಘೋಷಿಸಿದ. ಸ್ವಂತ ವಾಹನವೆಂದರೆ ಹಳೆಯ ಸೈಕಲ್ಲು. ಅದರ ಹಿಂದಿನ ಗಾಲಿಗೆ ಕರೆಂಟಿನ ಮೋಟಾರು ಕೂರಿಸುವುದೆಂದು ಗಂಡಹೆಂಡತಿ ಹಳಿಯಾಳಕ್ಕೆ ಹೋದರು.

ಅಂಗಡಿಯ ಲೋಕೇಶ ಎರಡು ಮೋಟಾರು ತಂದಿಟ್ಟ. "ಕಾಕಾ, ಈ ಸಣ್ಣದರ ಹೊಟ್ಟ್ಯಾಗ ಹಲ್ಲಿನ ಚಕ್ರ ಅದಾವ. ಗುಂಯ್ ಅಂತೈತಿ, ಆದ್ರ ಏರು ಹತ್ತತೈತಿ. ದೊಡ್ಡದು ಸಪ್ಪಳ ಮಾಡಂಗಿಲ್ಲ, ಬಯಲಾಗ ಓಡಾಕ ಛಲೋ. ಏರಿನ್ಯಾಗ ನಿಧಾನ ಆತಂದ್ರ ಕಾಯತೈತಿ."

ದ್ಯಾಮಪ್ಪ ಕುಕ್ಕರಗಾಲಿನಲ್ಲಿ ಕೂತು ಎರಡರ ಮೈಯನ್ನೂ ಸವರಿದ, ತಟ್ಟಿದ, ಎತ್ತಿ ನೋಡಿದ.

"ಸಣ್ಣದು ನರಳತೈತಿ. ನರಳೋ ಎತ್ತು ಏರು ಕಂಡ್ರ ಮಕ್ಕೋತೈತಿ. ದೊಡ್ಡದರ ಮೈಕಟ್ಟು ನೋಡು."

"ಎತ್ತಲ್ಲ ಕಾಕಾ, ಮೋಟಾರ."

"ಎರಡೂ ಎಳಿಯೋವ ಹೌದಲ್ಲೋ?"

ಸಕ್ಕುಬಾಯಿ ಸೆರಗು ಸರಿಮಾಡಿಕೊಂಡಳು. "ಮಾರಾವ ಬ್ಯಾಡ ಅಂದ್ರೂ ಕೊಳ್ಳಾವರು ನೀವೊಬ್ರ ನೋಡ್ರಿ."

"ನೀ ಬುತ್ತಿ ನೋಡ್ಕೊ. ಎಳಿಯೋದನ್ನ ನಾ ನೋಡ್ಕೋತೇನಿ."

ದೊಡ್ಡದೇ ಗಾಲಿಗೆ ಕೂತಿತು.

ಕುಬಸದ ದಿನ ದಾಂಡೇಲಿ ದಾಟುವವರೆಗೆ ಅದು ಪಟ್ಟದಾನೆಯ ಠೀವಿಯಲ್ಲಿ ನಡೆಯಿತು. ಹಿಂದೆ ಸಕ್ಕುಬಾಯಿ, ಅವಳ ತೊಡೆಯ ಮೇಲೆ ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿಯ ಬುಟ್ಟಿ. ಏರು ಶುರುವಾಯಿತು. ಮೊದಲ ತಿರುವಿನಲ್ಲಿ ಇರುವೆಯ ಸಾಲೊಂದು ಅವರನ್ನು ಹಿಂದೆ ಹಾಕಿತು.

"ಏನೋ ಸುಟ್ಟ ವಾಸನಿ ಬರಾಕತ್ತೇತಿ," ಎಂದಳು ಸಕ್ಕುಬಾಯಿ.

"ಅಡವ್ಯಾಗ ಯಾರೋ ತರಗೆಲಿ ಸುಡಾಕತ್ತಿರಬೇಕು."

"ನನ್ನ ಕೆಳಗನ ಸುಡಾಕತ್ತಾರೇನು?"

ಮೋಟಾರು ನಿಂತಿತು. ಮುಟ್ಟಿದರೆ ಕಾದ ಹಂಚು.

"ನೀವಂದಂಗ ಒಂದ ಸರ್ತಿನೂ ನರಳಲಿಲ್ಲ," ಎಂದಳು ಸಕ್ಕುಬಾಯಿ. "ಪುಣ್ಯವಂತ ಜೀವ. ಸುಖದ ಸಾವು."

ದ್ಯಾಮಪ್ಪ ತಳ್ಳಿದ. ಅವನು ಮೆಚ್ಚಿದ ಮೈಕಟ್ಟೇ ಈಗ ಅವನನ್ನು ಹಿಂದಕ್ಕೆ ಜಗ್ಗುತ್ತಿತ್ತು. ಅತ್ತ ಆರತಿಯ ಹೊತ್ತು ಮೀರುತ್ತಿತ್ತು. ಸಕ್ಕುಬಾಯಿ ಫೋನು ತೆಗೆದಳು.

"ಬ್ಯಾಡ. ನನ್ನ ಮಾನ ಹೋಗತೈತಿ."

"ಬಸುರಿ ಮಗಳು ಹಸದು ಕುಂತಾಳ. ಅಕಿಗೆ ನಿಮ್ಮ ಮಾನ ಉಣಸಲೇನು?"

ಅಷ್ಟರಲ್ಲಿ ಮೇಲಿನ ತಿರುವಿನಿಂದ ಕೊರಳಗಂಟೆ ಕೇಳಿಸಿತು. ತಳ್ಳುತ್ತ ತಿರುವು ಮುಟ್ಟಿದರೆ, ಜ್ಯೋತಿಬಾ ಗಾಡಿ ಹೂಡಿಕೊಂಡು, ಮರದ ನೆರಳಲ್ಲಿ ಎಲೆಯಡಿಕೆ ಮೆಲ್ಲುತ್ತ ಕಾದು ಕೂತಿದ್ದ.

"ಇವರಿಗೆ ಯಾರು ಹೇಳಿದ್ರು?" ಎಂದ ದ್ಯಾಮಪ್ಪ. ದನಿ ಪಾತಾಳದಿಂದ ಬಂದಂತಿತ್ತು.

"ನಾನ. ನೀವು ಮೋಟಾರ ತಗೊಂಡ ದಿನಾನ ಹೇಳೀನಿ." ಸಕ್ಕುಬಾಯಿ ಬುತ್ತಿಯೊಂದಿಗೆ ಗಾಡಿ ಹತ್ತಿ ಕೂತಳು.

ಸೈಕಲ್ಲನ್ನು ಗಾಡಿಯ ಹಿಂದೆ ಕಟ್ಟಿದರು. ಕುಳ್ಳ ಎತ್ತುಗಳು ಉಸ್ ಬುಸ್ ಎಂದು ನರಳುತ್ತಲೇ ಏರು ಹತ್ತಿದವು. ದ್ಯಾಮಪ್ಪ ಗಾಡಿ ಹತ್ತಲೊಲ್ಲದೆ ಸೈಕಲ್ಲಿನ ಹ್ಯಾಂಡಲ್ ಹಿಡಿದು, ಹೆಣದ ಹಿಂದೆ ನಡೆಯುವವನಂತೆ ನಡೆದ.

ಮನೆ ಬಂತು. ಆರತಿಗೆ ನೆರೆದ ಹೆಂಗಸರೆಲ್ಲ ಬಾಗಿಲಿಗೆ ಬಂದು ಮೆರವಣಿಗೆ ನೋಡಿದರು. ಜ್ಯೋತಿಬಾ ಎತ್ತುಗಳ ನೊಗ ಬಿಚ್ಚಿದ, ಬೀಗರ ಕಾಲಿಗೆ ನೀರು ಕೊಟ್ಟ, ಕಂಬಳಿ ಹಾಸಿದ. ಆಮೇಲೆ ಒಳಗಿನಿಂದ ಒಂದು ಖಾಲಿ ಚರಿಗೆ ತಂದು, ಬಹಳ ವಿನಯದಿಂದ ಬಗ್ಗಿ ಕೇಳಿದ:

"ದಣದು ಬಂದೀರಿ ಬೀಗ್ರ. ಚಾ ಮಾಡಸ್ತೇನಿ. ಒಂದೀಟು ತಡೀರಿ, ಎತ್ತಿನ ಹಾಲು ಹಿಂಡ್ಕೊಂಡು ಬರ್ತೇನಿ."

ಇಡೀ ಏರಿನಲ್ಲಿ ತುಟಿ ಕಚ್ಚಿ ನಡೆದಿದ್ದ ದ್ಯಾಮಪ್ಪ ಆಗ ನರಳಿದ.