ಅತ್ತೆಯ ಶನಿವಾರದ ಟಾಕ್ ಶೋ

ನನ್ನ ಸೋದರತ್ತೆಯ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟ ಮನುಷ್ಯ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ನಾವು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನು ತಾವೇ ಹೇಳಿ, ಅದು ತಪ್ಪೆಂದು ವಾದಿಸಿ, ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಇಂಥವರು ವಕೀಲರಾಗಬೇಕಿತ್ತು ತಾನೇ? ಉಡುಪಿಯಿಂದ ಅಮೆರಿಕಕ್ಕೆ ಬಂದ ನಮ್ಮತ್ತೆ ವಾರವಿಡೀ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಮಾತು ಬಾರದ ಇಲಿಗಳೊಂದಿಗೆ ಕಳೆದು, ಶನಿವಾರ ಬೆಳಿಗ್ಗೆ ಅಲ್ಲಿನದೇ ಸಮುದಾಯ ಕೇಬಲ್ ವಾಹಿನಿಯಲ್ಲಿ ಕನ್ನಡ ಟಾಕ್ ಶೋ ನಡೆಸುತ್ತಿದ್ದರು. ಅರ್ಧ ಗಂಟೆ, ಬಿಟ್ಟಿ ಸ್ಟುಡಿಯೋ, ಎರಡು ಕುರ್ಚಿ. ಕ್ಯಾಮೆರಾ ಹಿಡಿಯುವವನು ನಾನು.

ಡಾಟ್ ಕಾಮ್ ಕಾಲದಲ್ಲಿ ಅತಿಥಿಗಳಿಗೆ ಬರವೇ? ಗ್ಯಾರೇಜಿನಲ್ಲಿ ಇಂಟರ್‌ನೆಟ್ ಕಂಪನಿ ತೆರೆದವರೆಲ್ಲ ಕೋಟು ತೊಟ್ಟು ಬರುತ್ತಿದ್ದರು. ಒಮ್ಮೆ ಲಾಸ್ ಆಲ್ಟೋಸಿನ ಒಬ್ಬರು ಬಂದರು.

“ನಿಮ್ಮ ಕಂಪನಿ ಎಂತ ಮಾರ್ತದೆ?”

“ಸದ್ಯಕ್ಕೆ ಏನೂ ಮಾರಲ್ಲ ಮೇಡಂ. ಮೊದ್ಲು ಯೂಸರ್ಸು ಬರ್ಲಿ ಅಂತ...”

“ಸಾಮಾನಿಲ್ಲದೆ ಅಂಗಡಿ ತೆಗೆದದ್ದಾ! ಗಿರಾಕಿ ಬಂದು ಎಂತ, ಬೋರ್ಡು ನೋಡಿ ಹೋಗುದಾ?”

ಅವರು ನೀರು ಕುಡಿದರು. ಉಳಿದ ಹೊತ್ತೆಲ್ಲ ಕುಡಿಯುತ್ತಲೇ ಇದ್ದರು. ಮರುದಿನ ಅವರ ಹೆಂಡತಿ ಫೋನ್ ಮಾಡಿ ಆ ಟೇಪಿನ ಎರಡು ಪ್ರತಿ ಕೇಳಿದರು!

ಆಮೇಲೆ ನನಗೆ ದುರ್ಬುದ್ಧಿ ಬಂತು. ಕಾರ್ಯಕ್ರಮವನ್ನು ಇಂಟರ್‌ನೆಟ್ಟಿನಲ್ಲೂ ನೇರವಾಗಿ ಹರಿಯಬಿಟ್ಟೆ. ಚಿತ್ರ ಅಂಚೆಚೀಟಿಯಷ್ಟು. ಅತ್ತೆಯ ತುಟಿ ಮುಚ್ಚಿದ ಮೇಲೂ ಮಾತು ಬರುತ್ತಿತ್ತು. ಬಲ್ಲವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮೊದಲೆಲ್ಲ ನೋಡುಗರು ಟಿ.ವಿ.ಗೆ ಬೈದರೆ ಬೈಗುಳ ಅವರ ಮನೆಯೊಳಗೇ ಉಳಿಯುತ್ತಿತ್ತು. ಈಗ ನೇರವಾಗಿ ನಮ್ಮ ಮೇಜಿನ ಕಂಪ್ಯೂಟರಿಗೆ ಬಂದು ಬೀಳತೊಡಗಿತು, ಅದೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ! ಗಿಲ್‌ರಾಯ್‌ನಿಂದ ಯಾರೋ ಬರೆದರು: ‘ಪ್ರಶ್ನೆ ಸಾಕು, ಮಾತು ಅವರಿಗೆ bidi.’ ಅತ್ತೆ ಕನ್ನಡಕ ಏರಿಸಿ ಓದಿದರು.

“ಅವರಿಗೆ ಬೀಡಿಯಾ? ಸ್ಟುಡಿಯೋದಲ್ಲಿ ಬೀಡಿ ಸೇದ್ಲಿಕ್ಕಿಲ್ಲ ಮಾರಾಯ್ರೆ!”

ಎದುರಿಗಿದ್ದ ಅತಿಥಿ, ಪಾಪ, ಹಲ್ಲಿನ ಡಾಕ್ಟರು. ತಮಗೆ ಬೀಡಿಯ ಚಟವಿಲ್ಲವೆಂದು ಸಾಬೀತುಪಡಿಸುವುದರಲ್ಲೇ ಅವರ ಅರ್ಧ ಗಂಟೆ ಮುಗಿಯಿತು.

ಹೀಗಿರಲು ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಒಂದು ಶನಿವಾರ, ಮೂರು ವಾರ ಮೊದಲೇ ಒಪ್ಪಿಕೊಂಡಿದ್ದ ಹುಬ್ಬಳ್ಳಿಯವರೊಬ್ಬರು ಬಂದರು. ಶೋ ಆರಂಭಕ್ಕೆ ಎರಡು ನಿಮಿಷವಿದ್ದಾಗ ಅತ್ತೆಯ ಕಡೆಗೆ ಬಾಗಿ ಮೆಲ್ಲನೆ ಹೇಳಿದರು:

“ನಿನ್ನೆ ನಮ್ಮ ಕಂಪನಿ ಬಾಗ್ಲಾ ಮುಚ್ಚೇತ್ರಿ. ಯಾರಿಗೂ ಹೇಳಿಲ್ಲ. ಊರಾಗ ನಮ್ಮವ್ವ ಸೈಬರ್ ಕೆಫೆದಾಗ ನೋಡಾಕ ಕುಂತಾಳ್ರಿ.”

ಅತ್ತೆ ಪ್ರಶ್ನೆಗಳ ಹಾಳೆಯನ್ನು ಮಡಚಿ ಪರ್ಸಿಗೆ ಹಾಕಿಕೊಂಡರು. ಕಂಪನಿಯ ಸುದ್ದಿಯನ್ನೇ ಎತ್ತಲಿಲ್ಲ. “ಶಾಲೆಗೆ ಹೋಗುವಾಗ ಅಮ್ಮ ಡಬ್ಬಿಗೆ ಎಂತ ಹಾಕ್ತಿದ್ರು?” ಎಂದು ಕೇಳಿದರು. ಆತ ರೊಟ್ಟಿ, ಶೇಂಗಾ ಚಟ್ನಿಯಿಂದ ಶುರುಮಾಡಿ ಇಪ್ಪತ್ತು ನಿಮಿಷ ಮಾತನಾಡಿದರು. ಅತ್ತೆ ನಡುವೆ ಬಾಯಿ ಹಾಕಲಿಲ್ಲ. ಮೈಕು ಕೆಟ್ಟಿತೇನೋ ಎಂದು ನಾನು ಎರಡು ಸಲ ನೋಡಿದೆ!

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಒಂದು ಸಂದೇಶ ಬಂತು. ಆ ತಾಯಿ ಕೆಫೆಯವರಿಂದ ಬರೆಸಿದ್ದು. ಓದಲು ಬಾಯಿ ತೆರೆದ ಅತ್ತೆ ತಟ್ಟನೆ ನಿಲ್ಲಿಸಿ, ಕಂಪ್ಯೂಟರನ್ನು ಆತನ ಕಡೆಗೆ ತಿರುಗಿಸಿದರು.

‘ದನಿ ಬ್ಯಾರೆ ಆಗೇತಿ. ಕೆಲಸ ಹೋತೇನು? ಹೋಗಲಿ. ಊಟಾ ಮಾಡಿಯಿಲ್ಲೋ?’

ಆತ ಓದಿ ಮುಖ ಕೆಳಗೆ ಹಾಕಿದರು. ಅತ್ತೆ ಎದ್ದವರೇ ಸರಸರನೆ ಬಂದು ಕ್ಯಾಮೆರಾಕ್ಕೆ ಅಡ್ಡ ನಿಂತರು. ನನಗೆ ಅವರ ಸೀರೆಯ ಹೊರತು ಏನೂ ಕಾಣಲಿಲ್ಲ.

“ವೀಕ್ಷಕರೇ, ಈಗ ಒಂದು ಸಣ್ಣ ಜಾಹೀರಾತು.”

ಆ ವಾಹಿನಿಯಲ್ಲಿ ಜಾಹೀರಾತಿಗೆ ಅವಕಾಶವೇ ಇರಲಿಲ್ಲ. ಅತ್ತೆ ಮಾತ್ರ ತಮ್ಮ ಮನೆಯ ಮಾವಿನಮಿಡಿ ಉಪ್ಪಿನಕಾಯಿಯನ್ನು ಹೊಗಳುತ್ತ, ಬೆನ್ನ ಹಿಂದೆ ಆತ ಅತ್ತು ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.